ನಾಯಿಯ ಜೊತೆ ಊಟಿಗೆ: ಹೊರಡುವ ಮೊದಲು ಎರಡು ಹೃದಯಗಳ ಲೆಕ್ಕ



ಏಪ್ರಿಲ್ ಬಂತೆಂದರೆ ಚೆನ್ನೈನ ನನ್ನ ಓಪಿಡಿಗೆ ಬರುವ ನಮ್ಮ ಕನ್ನಡದವರು ಬಿಪಿ, ಶುಗರ್ ಮಾತು ಮುಗಿಸಿ ಎದ್ದು ನಿಲ್ಲುವಾಗ ಒಂದು ಪ್ರಶ್ನೆ ಕೇಳುತ್ತಾರೆ. “ಡಾಕ್ಟ್ರೇ, ಮೊಮ್ಮಕ್ಕಳಿಗೆ ರಜೆ. ನಾಲ್ಕು ದಿನ ಊಟಿಗೆ ಹೋಗಿ ಬರೋಣ ಅಂತಿದ್ದೀವಿ. ನಾನು ಹೋಗಬಹುದಾ?” ಹೋಗಬಹುದು ಎಂದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ. “ನಮ್ಮ ನಾಯೀನೂ ಜೊತೆಗೆ ಬರುತ್ತೆ. ಅದಕ್ಕೇನೂ ಆಗಲ್ಲ ಅಲ್ವಾ?”

ಹೈದರಾಬಾದ್, ಪುಣೆ, ಮುಂಬೈ, ದೆಹಲಿಯಲ್ಲಿರುವ ನಮ್ಮವರೂ ಇದನ್ನೇ ಕೇಳುತ್ತಾರೆ. ಬೆಟ್ಟದ ಹೆಸರು ಮಾತ್ರ ಬೇರೆ. ಹಿಂದೆಲ್ಲ ನಾಯಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗುತ್ತಿದ್ದೆವು. ಈಗ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರೇ, ಮಕ್ಕಳು ದೂರ, ನಾಯಿಯೇ ಮನೆಯ ಮಗು. ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ನಾಯಿ ಸಾಕಿದವರು ದಿನಾ ನಡೆಯುತ್ತಾರೆ, ಒಂಟಿತನ ಕಡಿಮೆ, ಅದು ಹೃದಯಕ್ಕೂ ಒಳ್ಳೆಯದಿರಬಹುದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲೇ ಹೇಳಿದೆ.

ಆದರೆ ತಂಪು ಬೆಟ್ಟದ ಊರಿಗೆ ನಾಯಿಯ ಜೊತೆ ಹೊರಟಾಗ ಒಂದು ಸೂಕ್ಷ್ಮ ಇದೆ. ಕಾರಿನಲ್ಲಿ ಎರಡು ಥರದ ಜೀವಗಳಿರುತ್ತವೆ. ಒಂದಕ್ಕೆ ತನ್ನ ಕಷ್ಟ ಹೇಳಲು ಬಾಯಿಲ್ಲ. ಇನ್ನೊಂದಕ್ಕೆ ಬಾಯಿದೆ, ಆದರೆ “ಎಲ್ಲರ ಪ್ರವಾಸ ಹಾಳಾಗುತ್ತೆ, ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ” ಎಂದು ಹೇಳದೆ ಸುಮ್ಮನಿರುತ್ತದೆ. ಈ ಲೇಖನ ಆ ಇಬ್ಬರಿಗಾಗಿ. ನಾನು ಮನುಷ್ಯರ ಹೃದಯದ ಡಾಕ್ಟರ್. ನಾಯಿ, ಬೆಕ್ಕಿನ ಚಿಕಿತ್ಸೆಯಲ್ಲಿ ನಿಮ್ಮ ಪಶುವೈದ್ಯರ ಮಾತೇ ಕೊನೆಯದು. ಅವರನ್ನು ಏನು ಕೇಳಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

*ಎತ್ತರ ಏರಿದಾಗ ಏನಾಗುತ್ತದೆ?*

ಊಟಿ, ಅಂದರೆ ನಮ್ಮ ಹಿರಿಯರು ಹೇಳುವ ಉದಕಮಂಡಲ, ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಕೊಡೈಕೆನಾಲ್ ಸುಮಾರು 2,100 ಮೀಟರ್. ದೆಹಲಿಯವರು ಹೋಗುವ ಶಿಮ್ಲಾ ಸುಮಾರು 2,200 ಮೀಟರ್. ಮುಂಬೈ, ಪುಣೆಯವರ ಮಹಾಬಲೇಶ್ವರ ಸುಮಾರು 1,350 ಮೀಟರ್, ಅಲ್ಲಿ ಎತ್ತರದ ತೊಂದರೆ ಕಡಿಮೆ. ಆದರೆ ಚಳಿ, ಏರು, ಪ್ರಯಾಣದ ಸೆಕೆಗೆ ಇಲ್ಲಿ ಹೇಳುವ ಮಾತುಗಳೆಲ್ಲ ಅಲ್ಲಿಗೂ ಸಲ್ಲುತ್ತವೆ.

ಚೆನ್ನೈ ಸಮುದ್ರದ ದಡ. ಅಲ್ಲಿಂದ ಊಟಿಗೆ ಹೋದರೆ ಗಾಳಿಯ ಒತ್ತಡ ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಒಂದೊಂದು ಉಸಿರಿನಲ್ಲೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ಅದನ್ನು ಸರಿದೂಗಿಸಲು ಉಸಿರು ಜೋರಾಗುತ್ತದೆ, ನಾಡಿ ಹೆಚ್ಚುತ್ತದೆ, ಬಿಪಿ ಸ್ವಲ್ಪ ಏರುತ್ತದೆ. ಆರೋಗ್ಯವಂತರಿಗೆ ಇದು ಗೊತ್ತೂ ಆಗುವುದಿಲ್ಲ. ಒಂದೆರಡು ದಿನದಲ್ಲಿ ದೇಹ ಹೊಂದಿಕೊಳ್ಳಲು ಶುರು ಮಾಡುತ್ತದೆ.

ಇದರ ಮೇಲೆ ಚಳಿ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಕುಗ್ಗಿದ ಕೊಳವೆಯಲ್ಲಿ ರಕ್ತ ತಳ್ಳಲು ಹೃದಯ ಹೆಚ್ಚು ದುಡಿಯಬೇಕು. ಇದರ ಮೇಲೆ ಊಟಿಯ ರಸ್ತೆಗಳ ಏರು. ಮೇಲೆ ಬೆಳಗಿನ ಹೊತ್ತು. ಹೃದಯಾಘಾತಗಳು ಬೆಳಗಿನ ಜಾವದಿಂದ ಮಧ್ಯಾಹ್ನದೊಳಗೆ ಹೆಚ್ಚು ಆಗುತ್ತವೆ ಎಂಬುದು ನಮಗೆ ಬಹಳ ವರ್ಷಗಳಿಂದ ಗೊತ್ತಿದೆ.

ಈಗ ಇವೆಲ್ಲವನ್ನೂ ಕೂಡಿಸಿ ನೋಡಿ. ಕಡಿಮೆ ಆಮ್ಲಜನಕ, ಚಳಿ, ಏರು, ಬೆಳಗಿನ ಆರು ಗಂಟೆ. ಕೈಯಲ್ಲಿ ಮುಂದೆ ಎಳೆಯುವ 30 ಕಿಲೋ ಲ್ಯಾಬ್ರಡಾರ್. ಒಬ್ಬರೇ ನಡೆಯುವಾಗ ಸುಸ್ತಾದರೆ ನಿಲ್ಲುತ್ತೀರಿ. ನಾಯಿ ಎಳೆಯುವಾಗ ನಿಮ್ಮ ವೇಗವನ್ನು ನಾಯಿ ನಿರ್ಧರಿಸುತ್ತದೆ.

*ಹೊರಡುವ ಮೊದಲು: ನಿಮ್ಮ ಪರೀಕ್ಷೆ*

ಹೃದಯದ ತೊಂದರೆ ಇರುವವರೆಲ್ಲ ಮನೆಯಲ್ಲೇ ಕೂರಬೇಕಾಗಿಲ್ಲ. ಸ್ಟೆಂಟ್ ಹಾಕಿಸಿಕೊಂಡು ಅಥವಾ ಬೈಪಾಸ್ ಆಗಿ ಆರಾಮಾಗಿರುವ ಬಹಳ ಜನ ಊಟಿಯಂಥ ಊರಿಗೆ ಹೋಗಿ ಬರುತ್ತಾರೆ. ಮನೆಯಲ್ಲಿ ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ, ಎದೆ ಬಿಗಿಯದೆ, ತೀರಾ ಏದುಸಿರು ಬಾರದೆ ಹತ್ತಬಲ್ಲಿರಾ? ಹಾಗಿದ್ದರೆ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿಕೊಂಡು ಹೊರಡಬಹುದು.

ಈ ಕೆಳಗಿನವರು ಮಾತ್ರ ಡಾಕ್ಟರ್ ಒಪ್ಪುವವರೆಗೆ ಪ್ರವಾಸ ಮುಂದಕ್ಕೆ ಹಾಕಿ:

1. ಇತ್ತೀಚಿನ ವಾರಗಳಲ್ಲಿ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಅಥವಾ ಆಪರೇಷನ್ ಆದವರು.
2. ಎದೆನೋವು ಮೊದಲಿಗಿಂತ ಹೆಚ್ಚು ಸಲ ಅಥವಾ ಕಡಿಮೆ ಶ್ರಮಕ್ಕೇ ಬರುತ್ತಿರುವವರು.
3. ಮಲಗಿದರೆ ಉಸಿರು ಕಟ್ಟುವವರು, ಕಾಲು ಊದಿಕೊಂಡಿರುವವರು.
4. ಮಾತ್ರೆ ತೆಗೆದುಕೊಂಡರೂ ಬಿಪಿ ಹತೋಟಿಗೆ ಬಾರದವರು.
5. ಕಾರಣ ತಿಳಿಯದೆ ತಲೆ ಸುತ್ತಿ ಬಿದ್ದವರು.

*ಹೊರಡುವ ಮೊದಲು: ನಾಯಿಯ ಪರೀಕ್ಷೆ*

ನಾಯಿಗೂ ಹೃದಯದ ಕಾಯಿಲೆ ಬರುತ್ತದೆ. ವಯಸ್ಸಾದ ಪೊಮೇರಿಯನ್, ಡ್ಯಾಶ್‌ಹಂಡ್‌ನಂಥ ಚಿಕ್ಕ ಜಾತಿಗಳಲ್ಲಿ ಹೃದಯದ ಕವಾಟ ಸವೆದು ಸೋರುವುದು ಸಾಮಾನ್ಯ. ಡೋಬರ್ಮನ್, ಗ್ರೇಟ್ ಡೇನ್‌ನಂಥ ದೊಡ್ಡ ಜಾತಿಗಳಲ್ಲಿ ಹೃದಯದ ಸ್ನಾಯು ದುರ್ಬಲವಾಗಿ ಹಿಗ್ಗುವುದುಂಟು. ಬೆಕ್ಕುಗಳಲ್ಲಿ ಸ್ನಾಯು ದಪ್ಪವಾಗುವ ಕಾಯಿಲೆ ಇದೆ. ಅದು ಬಹಳ ಸಲ ಹೊರಗೆ ಕಾಣುವುದೇ ಇಲ್ಲ.

ನಾಯಿಯ ಹೃದಯದ ಸ್ಥಿತಿ ತಿಳಿಯಲು ಮನೆಯಲ್ಲೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ, ಖರ್ಚಿಲ್ಲ. ನಾಯಿ ಗಾಢವಾಗಿ ಮಲಗಿರುವಾಗ ಅದರ ಹೊಟ್ಟೆ, ಎದೆ ಏರಿ ಇಳಿಯುವುದನ್ನು ನೋಡಿ. ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಎಣಿಸಿ. ಹೊರಡುವ ಮುಂಚೆ ಒಂದು ವಾರ ದಿನಾ ಎಣಿಸಿ ಬರೆದಿಡಿ. ಆರೋಗ್ಯವಾದ ನಾಯಿ ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಉಸಿರಾಡುತ್ತದೆ. ದಿನಾ 30 ದಾಟುತ್ತಿದ್ದರೆ, ರಾತ್ರಿ ಕೆಮ್ಮುತ್ತಿದ್ದರೆ, ವಾಕಿಂಗಿನಲ್ಲಿ ಅರ್ಧದಲ್ಲೇ ಕೂತುಬಿಡುತ್ತಿದ್ದರೆ ಬೆಟ್ಟಕ್ಕೆ ಹೋಗುವ ಮುಂಚೆ ಪಶುವೈದ್ಯರ ಬಳಿ ಹೋಗಿ. ಬರೆದಿಟ್ಟ ಈ ಲೆಕ್ಕ ಊಟಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ 18 ಇದ್ದದ್ದು ಅಲ್ಲಿ 35 ಆಗಿದ್ದರೆ ಏನೋ ಸರಿಯಿಲ್ಲ ಎಂದು ನಿಮಗೆ ಆ ರಾತ್ರಿಯೇ ತಿಳಿಯುತ್ತದೆ.

ಪಗ್, ಬುಲ್‌ಡಾಗ್, ಶಿಟ್ಜೂನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಿನ ದಾರಿಯೇ ಕಿರಿದು. ವಿಮಾನದಲ್ಲಿ ಇವುಗಳನ್ನು ಬಹಳ ಕಂಪನಿಗಳು ಒಪ್ಪುವುದಿಲ್ಲ. ಕಾರಿನಲ್ಲೂ ಇವುಗಳಿಗೆ ಸೆಕೆ ತಡೆಯದು. ಬೆಕ್ಕುಗಳ ವಿಷಯದಲ್ಲಿ ನನ್ನ ಸಲಹೆ ಸರಳ. ನಾಲ್ಕು ದಿನದ ಪ್ರವಾಸವಾದರೆ ಬೆಕ್ಕು ಮನೆಯಲ್ಲೇ ಇರಲಿ, ಗೊತ್ತಿರುವ ಯಾರಾದರೂ ಬಂದು ಊಟ, ನೀರು ಇಟ್ಟು ಹೋಗಲಿ. ಬೆಕ್ಕಿಗೆ ನಿಮಗಿಂತ ತನ್ನ ಜಾಗವೇ ಹೆಚ್ಚು ನೆಮ್ಮದಿ ಕೊಡುತ್ತದೆ.

*ದಾರಿಯಲ್ಲಿ: ಅಪಾಯ ಚಳಿಯದಲ್ಲ, ಸೆಕೆಯದು*

ಎಲ್ಲರೂ ನಾಯಿಗೆ ಸ್ವೆಟರ್ ತೆಗೆದುಕೊಳ್ಳುತ್ತಾರೆ. ಆದರೆ ಊಟಿಗೆ ಹೋಗುವ ನಾಯಿಗೆ ಮೊದಲ ಗಂಡಾಂತರ ಇರುವುದು ಬೆಟ್ಟದ ಕೆಳಗೆ. ಬೇಸಿಗೆಯಲ್ಲಿ ಚೆನ್ನೈನಿಂದ ಸೇಲಂ, ಕೊಯಮತ್ತೂರು, ಮೆಟ್ಟುಪಾಳಯಂವರೆಗೂ ಸುಡುವ ಬಿಸಿಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಚಾಚಿ ತೇಕುವುದೇ ಅದಕ್ಕಿರುವ ಫ್ಯಾನು. ಊಟಕ್ಕೆಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿ ನಾಯಿಯನ್ನು ಒಳಗೆ ಬಿಟ್ಟು ಹೋದರೆ, ಮುಚ್ಚಿದ ಕಾರಿನೊಳಗಿನ ಬಿಸಿ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಹುದು. ಕಿಟಕಿ ಎರಡು ಬೆರಳು ತೆರೆದಿಟ್ಟರೂ ಹೆಚ್ಚಿನ ವ್ಯತ್ಯಾಸ ಇಲ್ಲ. ಹಾಗಾಗಿ ಇಬ್ಬರು ಊಟ ಮಾಡಲಿ, ಒಬ್ಬರು ನಾಯಿಯ ಜೊತೆ ನೆರಳಲ್ಲಿ ಇರಲಿ, ಆಮೇಲೆ ಸರದಿ ಬದಲಾಗಲಿ.

ದಾರಿಗೆ ಇನ್ನಷ್ಟು ಮಾತು:

ಘಾಟ್ ಶುರುವಾಗುವ ಮೂರು ನಾಲ್ಕು ಗಂಟೆ ಮೊದಲೇ ನಾಯಿಯ ಊಟ ಮುಗಿದಿರಲಿ. ನೀರು ಮಾತ್ರ ಸ್ವಲ್ಪ ಸ್ವಲ್ಪ ಕೊಡುತ್ತಿರಿ. ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ನಾಯಿಯಾದರೆ ಪಶುವೈದ್ಯರಿಂದ ಮೊದಲೇ ಮಾತ್ರೆ ಬರೆಸಿಕೊಳ್ಳಿ.

“ದಾರಿಯುದ್ದಕ್ಕೂ ಮಲಗಿರಲಿ” ಎಂದು ನಿದ್ದೆ ಮಾತ್ರೆ ಕೊಡಬೇಡಿ. ಇಂಥ ಕೆಲವು ಮಾತ್ರೆಗಳಿಂದ ಬಿಪಿ ಇಳಿಯುತ್ತದೆ, ಮೈ ಬಿಸಿಯನ್ನು ಹತೋಟಿಯಲ್ಲಿಡುವ ಶಕ್ತಿ ಕುಂದುತ್ತದೆ. ದುರ್ಬಲ ಹೃದಯದ ನಾಯಿಗೆ ಇದು ಅಪಾಯ.

ನಾಯಿ ಹಿಂದಿನ ಸೀಟಿನಲ್ಲಿ, ಎದೆಗೆ ಹಾಕುವ ಹಾರ್ನೆಸ್‌ನಿಂದ ಸೀಟಿಗೆ ಕಟ್ಟಿರಲಿ. ಓಡಿಸುವವರ ತೊಡೆಯ ಮೇಲೆ ಕೂರಿಸಬೇಡಿ.

ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಇದೆ, ಅಂಗಡಿಯ ಚಿಕ್ಕ ನೀರಿನ ಬಾಟಲಿಗೂ ಸೇರಿ. ಸ್ಟೀಲ್ ಬಾಟಲಿಯಲ್ಲಿ ಇಬ್ಬರಿಗೂ ಸಾಕಾಗುವಷ್ಟು ನೀರು ತುಂಬಿಕೊಳ್ಳಿ. 2024ರ ಮೇ ತಿಂಗಳಿಂದ ಊಟಿ, ಕೊಡೈಕೆನಾಲ್‌ಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ. ಅದನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ. ಚೆಕ್‌ಪೋಸ್ಟ್‌ನಲ್ಲಿ ಬಿಸಿಲಿಗೆ ಕಾಯುವುದು ನಿಮಗೂ ಬೇಡ, ನಾಯಿಗೂ ಬೇಡ.

ಹೈದರಾಬಾದ್‌ನಿಂದ ಬೆಂಗಳೂರು, ಮೈಸೂರು, ಗುಂಡ್ಲುಪೇಟೆ ಮೇಲೆ ಬರುವವರು ನೆನಪಿಡಿ. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತಡವಾಯಿತೆಂದು ಗೇಟಿನ ಮುಂದೆ ಕಾರಿನಲ್ಲಿ ರಾತ್ರಿ ಕಳೆಯುವ ಪಾಡು ಬೇಡ. ಹಗಲಲ್ಲೂ ನಾಯಿಗೆ ಮೂತ್ರ ಮಾಡಿಸಲು ಕಾಡಿನ ನಡುವೆ ಕಾರು ನಿಲ್ಲಿಸಬೇಡಿ. ಗುಂಡ್ಲುಪೇಟೆಯಲ್ಲೇ ಆ ಕೆಲಸ ಮುಗಿಸಿ.

ರೈಲಿನಲ್ಲಾದರೆ ಫಸ್ಟ್ ಎಸಿಯ ಎರಡು ಬರ್ತ್‌ನ ಕೂಪೆ ಅಥವಾ ನಾಲ್ಕು ಬರ್ತ್‌ನ ಕ್ಯಾಬಿನ್ ಪೂರ್ತಿ ನಿಮ್ಮದಾದರೆ ಮಾತ್ರ ನಾಯಿ ನಿಮ್ಮ ಜೊತೆ ಇರಬಹುದು. ಇಲ್ಲವಾದರೆ ಅದು ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹೋಗಬೇಕು. ಬೇಸಿಗೆಯಲ್ಲಿ ವಯಸ್ಸಾದ ನಾಯಿಗೆ ಅದು ಸರಿಹೋಗದು. ಲಸಿಕೆಯ ಕಾರ್ಡು, ಪಶುವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಎರಡೂ ಕೈಯಲ್ಲಿರಲಿ.

*ಮೊದಲ ಎರಡು ದಿನ*

ಊಟಿ ಮುಟ್ಟಿದ ದಿನ ಯಾರೂ ದೊಡ್ಡಬೆಟ್ಟ ಹತ್ತಬೇಕಾಗಿಲ್ಲ. ಬಿಸಿ ಊಟ ಮಾಡಿ, ಮಲಗಿ. ಮಾರನೆಯ ದಿನವೂ ಸಮತಟ್ಟು ಜಾಗದಲ್ಲಷ್ಟೇ ನಡೆಯಿರಿ. ಮಾತಾಡುತ್ತಾ ನಡೆಯಲು ಆಗಬೇಕು. ವಾಕ್ಯದ ನಡುವೆ ಉಸಿರಿಗೆ ನಿಲ್ಲಬೇಕಾಗಿ ಬಂದರೆ ವೇಗ ಜಾಸ್ತಿಯಾಯಿತು ಎಂದರ್ಥ.

ನಾಯಿಯ ಬೆಳಗಿನ ವಾಕಿಂಗ್ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಮನೆಯಲ್ಲಿ ನೀವು ಐದೂವರೆಗೆ ಹೋಗುವವರಾದರೂ ಬೆಟ್ಟದಲ್ಲಿ ಬಿಸಿಲು ಬೀಳುವ ತನಕ ಕಾಯಿರಿ. ಅಷ್ಟರಲ್ಲಿ ನಾಯಿಗೆ ಅವಸರವಾದರೆ ರೂಮಿನ ಮುಂದಿನ ಅಂಗಳ ಸಾಕು. ಹೃದಯದ ತೊಂದರೆ ಇರುವವರು ನಾಯಿಯ ಚೈನನ್ನು ಮೊದಲೆರಡು ದಿನ ಮನೆಯ ಕಿರಿಯರಿಗೆ ಕೊಡಿ. ನೀವೇ ಹಿಡಿಯಬೇಕಾದರೆ ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಇಬ್ಬನಿಯಲ್ಲಿ ನೆನೆದ ಇಳಿಜಾರಿನಲ್ಲಿ ನಾಯಿ ಒಮ್ಮೆ ಜಗ್ಗಿದರೆ ಬೀಳುವುದು ನೀವು. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, “ಗಾಯ ಇಲ್ಲ, ಏನೂ ಆಗಿಲ್ಲ” ಎಂದು ಸುಮ್ಮನಿರಬೇಡಿ. ಒಳಗೆ ನಿಧಾನವಾಗಿ ರಕ್ತ ಸೋರಬಹುದು. ಅಂದೇ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಹೇಳಿ.

ಮತ್ತೊಂದು ಕಾರಣವೂ ಇದೆ. ನೀಲಗಿರಿಯ ಊರುಗಳ ಸುತ್ತ ಚಿರತೆ, ಕಾಟಿ, ಕರಡಿ ಓಡಾಡುತ್ತವೆ. ಚಿರತೆಗೆ ನಾಯಿ ಅಂದರೆ ಸುಲಭದ ಬೇಟೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ನಾಯಿಯನ್ನು ಹೊರಗೆ ಬಿಡಬೇಡಿ, ಹೊರಗೆ ಕಟ್ಟಿಯೂ ಮಲಗಿಸಬೇಡಿ.

*ರೂಮಿನೊಳಗೆ: ಅಗ್ಗಿಷ್ಟಿಕೆ ಬೇಡ*

ಈ ಲೇಖನದಲ್ಲಿ ಒಂದೇ ಪ್ಯಾರಾ ನೆನಪಿಡುವುದಾದರೆ ಇದನ್ನು ನೆನಪಿಡಿ. ಚಳಿಯೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು, ಸಂಜೆ ಹೊರಗೆ ಉರಿಸಿದ ಬಾರ್ಬೆಕ್ಯೂ ಕೆಂಡವನ್ನು ರೂಮಿನೊಳಗೆ ತಂದಿಟ್ಟು ಬಾಗಿಲು ಹಾಕಿ ಮಲಗಬೇಡಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. ಬೆಟ್ಟದ ಊರುಗಳಲ್ಲಿ ಹೀಗೆ ಮಲಗಿದವರು ಏಳದೇ ಹೋದ ಸುದ್ದಿಯನ್ನು ನೀವೂ ಓದಿರುತ್ತೀರಿ. ಹೃದಯದ ರೋಗಿಗೆ ಇನ್ನೂ ಬೇಗ ಅಪಾಯ. ನೆಲದ ಮೇಲೆ ಮಲಗುವ ಚಿಕ್ಕ ನಾಯಿ ನಿಮಗಿಂತ ಬೇಗ ಬೇಗ ಉಸಿರಾಡುತ್ತದೆ, ಹಾಗಾಗಿ ಅದು ನಿಮಗಿಂತ ಮೊದಲೇ ತೂಗಾಡಬಹುದು. ತಲೆನೋವು, ವಾಕರಿಕೆ, ಮಂಪರು ಎಲ್ಲರಿಗೂ ಒಟ್ಟಿಗೆ ಬಂದರೆ ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಇದ್ದರೂ ಇದೇ ಭಯ, ಕಿಟಕಿ ತೆರೆದಿರಲಿ.

ಚಳಿಗೆ ಕಂಬಳಿ, ರಗ್ಗು, ಸ್ವೆಟರ್, ಎಲೆಕ್ಟ್ರಿಕ್ ಹೀಟರ್ ಸಾಕು. ಡಿಸೆಂಬರ್, ಜನವರಿಯಲ್ಲಿ ಊಟಿಯ ರಾತ್ರಿ ಸೊನ್ನೆಯ ಹತ್ತಿರ ಇಳಿದು ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಗಿಡ್ಡ ಕೂದಲಿನ, ಚಿಕ್ಕ, ವಯಸ್ಸಾದ ನಾಯಿಗಳಿಗೆ ರಾತ್ರಿ ಸ್ವೆಟರ್ ಬೇಕು, ಹಾಸಿಗೆ ನೆಲದಿಂದ ಮೇಲಿರಬೇಕು. ಮಳೆಯಲ್ಲಿ ನೆನೆದರೆ ಬೇರುವರೆಗೂ ಕೂದಲು ಒಣಗಿಸಿ. ಬಿಸಿಯಾಗಲೆಂದು ನಾಯಿಗೆ ಬ್ರಾಂದಿ ಹನಿ ಹಾಕುವ ಹಳೆಯ ಅಭ್ಯಾಸ ಬೇಡ. ಮದ್ಯ ಅದಕ್ಕೆ ವಿಷ. ನಿಮಗೂ “ಚಳಿಗೆ ಎರಡು ಪೆಗ್” ಬೇಡ. ಮದ್ಯ ಚರ್ಮದ ನಾಳಗಳನ್ನು ಹಿಗ್ಗಿಸಿ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ, ನಿಜವಾಗಿ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.

*ಊಟಿ ಚಾಕೊಲೇಟ್ ಮತ್ತು ನಾಯಿಯ ಹೃದಯ*

ಊಟಿಯಿಂದ ಎಲ್ಲರೂ ಕಟ್ಟಿಸಿಕೊಂಡು ಬರುವುದು ಮನೆಯಲ್ಲಿ ಮಾಡಿದ ಚಾಕೊಲೇಟ್. ಕೋಕೋದಲ್ಲಿ ಥಿಯೋಬ್ರೋಮಿನ್ ಎಂಬ ವಸ್ತು ಇದೆ. ನಮ್ಮ ದೇಹ ಅದನ್ನು ಬೇಗ ಹೊರಹಾಕುತ್ತದೆ. ನಾಯಿಯ ದೇಹದಲ್ಲಿ ಅದು ಬಹಳ ಹೊತ್ತು ಉಳಿದು ಹೃದಯದ ಲಯವನ್ನೇ ಕೆಡಿಸುತ್ತದೆ. ಮೊದಲು ವಾಂತಿ, ಚಡಪಡಿಕೆ, ಆಮೇಲೆ ಡವಡವ ಓಡುವ ಹೃದಯ, ಕೊನೆಗೆ ಫಿಟ್ಸ್. ಚಾಕೊಲೇಟ್ ಕಪ್ಪಾದಷ್ಟೂ ಅಪಾಯ ಹೆಚ್ಚು. 10 ಕಿಲೋ ತೂಕದ ನಾಯಿಯ ಹೃದಯದ ಲಯ ಕೆಡಿಸಲು ಸುಮಾರು 100 ಗ್ರಾಂ ಕಪ್ಪು ಚಾಕೊಲೇಟ್ ಸಾಕು. ಅದಕ್ಕಿಂತ ಕಡಿಮೆ ತಿಂದರೂ ವಾಂತಿ, ನಡುಕ ಬರಬಹುದು. ಒಣದ್ರಾಕ್ಷಿ ಹಾಕಿದ್ದಾದರೆ ಮೂತ್ರಪಿಂಡಕ್ಕೂ ಪೆಟ್ಟು. ಡಬ್ಬಿ ಬ್ಯಾಗಿನೊಳಗೆ, ಜಿಪ್ ಹಾಕಿ, ಕಪಾಟಿನ ಮೇಲೆ ಇಡಿ. ನಾಯಿ ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ, ಎಷ್ಟು ಹೊತ್ತಿಗೆ ಎಷ್ಟು ತಿಂದಿತು ಎಂದು ಪಶುವೈದ್ಯರಿಗೆ ಫೋನ್ ಮಾಡಿ ಹೇಳಿ.

ಹಾಗೆಯೇ ಮಾತ್ರೆಗಳು. ನಿಮ್ಮ ಮಾತ್ರೆ ಡಬ್ಬಿ ಬೇರೆ, ನಾಯಿಯದು ಬೇರೆ ಚೀಲದಲ್ಲಿರಲಿ. ಫ್ಯುರೊಸೆಮೈಡ್, ಎನಾಲಾಪ್ರಿಲ್‌ನಂಥ ಕೆಲವು ಔಷಧಗಳ ಹೆಸರು ಇಬ್ಬರಿಗೂ ಒಂದೇ, ಆದರೆ ಪ್ರಮಾಣ ಒಂದೇ ಅಲ್ಲ. ಮೈಕೈ ನೋವಿಗೆ ನಾವು ನುಂಗುವ ಐಬುಪ್ರೊಫೆನ್ ನಾಯಿಗೆ ಕೊಡಬೇಡಿ. ಬೆಕ್ಕಿಗೆ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣಕ್ಕೆ ಕುತ್ತಾಗಬಹುದು.

*ಕಚ್ಚಿದರೆ*

ಹೊಸ ಊರಿನಲ್ಲಿ ಬೀದಿನಾಯಿ ನಿಮ್ಮ ನಾಯಿಯ ಮೇಲೆ ಬೀಳಬಹುದು, ಬಿಡಿಸಲು ಹೋದ ನಿಮ್ಮನ್ನು ಕಚ್ಚಬಹುದು. ಮಂಗಗಳೂ ಇವೆ. ನಮ್ಮ ದೇಶದಲ್ಲಿ ಹುಚ್ಚುನಾಯಿ ರೋಗದ ಲಸಿಕೆಯ ಚರಿತ್ರೆ ಎರಡು ತಂಪು ಬೆಟ್ಟದ ಊರುಗಳಿಗೇ ಸೇರಿದೆ. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಊಟಿಯ ಪಕ್ಕದ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆಗಳು ಶುರುವಾದವು. ಇಷ್ಟು ವರ್ಷಗಳ ಮೇಲೂ ಈ ರೋಗಕ್ಕೆ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಮುಂಚೆಯೇ ತಡೆಯಬೇಕು.

ನಿಮ್ಮ ನಾಯಿಯ ರೇಬಿಸ್ ಲಸಿಕೆಯ ತಾರೀಖು ಹೊರಡುವ ಮುಂಚೆ ನೋಡಿ. ಕಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಮೆತ್ತಬೇಡಿ. ಅದೇ ದಿನ ಮೊದಲ ಲಸಿಕೆ ಹಾಕಿಸಿ. ಉಳಿದ ಡೋಸ್‌ಗಳನ್ನು ನಿಮ್ಮ ಊರಿಗೆ ಹೋಗಿ ಮುಂದುವರಿಸಬಹುದು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ನಿಲ್ಲುವುದು ತಡ. ತೊಳೆದ ಮೇಲೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿ. ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಹಾಗೆ ನಿಲ್ಲಿಸಿದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು.

*ನಾಯಿಯನ್ನು ಯಾರು ಹಿಡಿದುಕೊಳ್ಳುತ್ತಾರೆ?*

ಈಗ ಮುಖ್ಯ ವಿಷಯ. ಅರವತ್ತು ದಾಟಿದ ಒಬ್ಬ ಯಜಮಾನರು, ಅವರ ಪತ್ನಿ, ಅವರ ನಾಯಿ ಮೂವರೇ ಬೆಟ್ಟದ ಊರಿಗೆ ಹೋಗಿದ್ದರು. ಎರಡನೆಯ ದಿನ ಬೆಳಿಗ್ಗೆ ಆರೂವರೆಗೆ ನಾಯಿಯ ಜೊತೆ ಏರಿನಲ್ಲಿ ನಡೆಯುವಾಗ ಅವರ ಎದೆ ಹಿಂಡಿದಂತಾಯಿತು. ಬೆವರಿತು. ರೂಮಿಗೆ ಬಂದು ಸೋಡಾ ಕುಡಿದು ಮಲಗಿದರು. ಹೆಂಡತಿಗೆ ಹೇಳಿದ್ದು ಹನ್ನೊಂದು ಗಂಟೆಗೆ. ಆಮೇಲೂ ಅರ್ಧ ಗಂಟೆ ಹೋಯಿತು. ಯಾಕೆಂದರೆ ಹೋಂಸ್ಟೇಯಲ್ಲಿ ಅವರ ಪರಿಚಯದವರು ಯಾರೂ ಇರಲಿಲ್ಲ, ಆಂಬುಲೆನ್ಸಿನಲ್ಲಿ ನಾಯಿಯನ್ನು ಹತ್ತಿಸುವಂತಿಲ್ಲ, ಬಿಟ್ಟರೆ ಅದು ಓಡಿಹೋಗುತ್ತದೆ. ಚೆನ್ನೈಗೆ ಬಂದ ಮೇಲೆ ನಾನು ಅವರನ್ನು ನೋಡಿದಾಗ ಹೃದಯದ ಶಕ್ತಿ ಬಹಳಷ್ಟು ಕುಂದಿತ್ತು. “ಯಾಕೆ ಸರ್, ಬೆಳಿಗ್ಗೇನೇ ಹೇಳಬಾರದಿತ್ತೇ?” ಎಂದು ಕೇಳಿದೆ. “ಇವಳೊಬ್ಬಳೇ ಅದನ್ನು ಹೇಗೆ ಹಿಡ್ಕೊತಾಳೆ ಅಂತ ಯೋಚನೆ ಮಾಡ್ತಿದ್ದೆ ಡಾಕ್ಟ್ರೇ” ಅಂದರು.

ಹೃದಯಾಘಾತದಲ್ಲಿ ಹೊತ್ತು ಕಳೆದಷ್ಟೂ ಸ್ನಾಯು ಸಾಯುತ್ತಾ ಹೋಗುತ್ತದೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಊಟಿಯಿಂದ ಕೊಯಮತ್ತೂರು ಸುಮಾರು 85 ಕಿಲೋಮೀಟರ್. ಆದರೆ ಘಾಟ್ ಇಳಿದು, ರಜಾದಿನದ ವಾಹನಗಳ ಸಾಲು ದಾಟಿ ಮುಟ್ಟಲು ಮೂರು ಗಂಟೆ ಬೇಕಾಗಬಹುದು. ಹಾಗಾಗಿ ಮೇಲೆಯೇ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ ಇಸಿಜಿ ಮಾಡಿಸಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕೇ, ಕೆಳಗೆ ಕಳಿಸಬೇಕೇ ಎಂದು ಅಲ್ಲಿಯವರು ನಿರ್ಧರಿಸುತ್ತಾರೆ.

ಎದೆಯ ನಡುವೆ ಭಾರ, ಬಿಗಿತ, ಉರಿ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಉಸಿರುಕಟ್ಟು, ಇವು ಹದಿನೈದು ನಿಮಿಷ ಇದ್ದರೆ ಗ್ಯಾಸ್ ಎಂದುಕೊಳ್ಳಬೇಡಿ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಆಗಬಹುದು. 108ಕ್ಕೆ ಫೋನ್ ಮಾಡಿ. ಭಾಷೆ ಬಾರದೆಂದು ಹೆದರಬೇಡಿ. ನೀಲಗಿರಿಯ ಬಡಗರ ಮಾತು ನಮ್ಮ ಕನ್ನಡಕ್ಕೆ ಬಹಳ ಹತ್ತಿರ. ಅಲ್ಲಿ ಕನ್ನಡದಲ್ಲಿ ಸಹಾಯ ಕೇಳಿದರೆ ಅರ್ಥ ಮಾಡಿಕೊಳ್ಳುವವರು ಸಿಗುತ್ತಾರೆ.

ಅದಕ್ಕೇ ರೂಮು ಬುಕ್ ಮಾಡುವ ದಿನವೇ ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ:

1. ನನಗೆ ಏನಾದರೂ ಆದರೆ ನಾಯಿಯನ್ನು ಹಿಡಿದುಕೊಳ್ಳುವವರು ಯಾರು? ಹೋಂಸ್ಟೇ ಮಾಲೀಕರನ್ನು ಫೋನಿನಲ್ಲಿ ನೇರವಾಗಿ ಕೇಳಿ. ಆಗುವುದಿಲ್ಲ ಎಂದರೆ ಬೇರೆ ಜಾಗ ನೋಡಿ.
2. 24 ಗಂಟೆ ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆ ಯಾವುದು?
3. ನಾಯಿಗೆ ಏನಾದರೂ ಆದರೆ ಪಶುವೈದ್ಯರ ನಂಬರ್ ಯಾವುದು? ರಾತ್ರಿ ಸಿಗುತ್ತಾರೆಯೇ?
4. ನನ್ನ ಮಾತ್ರೆ ಚೀಟಿ, ಹಳೆಯ ಇಸಿಜಿ, ನಾಯಿಯ ಲಸಿಕೆ ಕಾರ್ಡು ಮೂರರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿ ಇದೆಯೇ?

ನಾಯಿಯನ್ನು ಮೊದಲ ದಿನವೇ ಹೋಂಸ್ಟೇಯ ಒಬ್ಬರಿಗೆ ಪರಿಚಯ ಮಾಡಿಸಿ, ಅವರ ಕೈಯಿಂದ ಒಂದು ಬಿಸ್ಕತ್ತು ಕೊಡಿಸಿ. ಅಷ್ಟು ಸಾಕು, ಕಷ್ಟಕಾಲದಲ್ಲಿ ಅದು ಅವರ ಹಿಂದೆ ಹೋಗುತ್ತದೆ. ನಿಮಗೂ “ಎದೆ ನೋಯುತ್ತಿದೆ” ಎಂದು ಬಾಯಿ ಬಿಟ್ಟು ಹೇಳಲು ಧೈರ್ಯ ಬರುತ್ತದೆ.

ವಾಪಸು ಇಳಿಯುವಾಗ ಮತ್ತೆ ಸೆಕೆ ಎದುರಾಗುತ್ತದೆ. ಮೆಟ್ಟುಪಾಳಯಂ ಮುಟ್ಟುವ ಮೊದಲೇ ನಾಯಿಯ ಸ್ವೆಟರ್ ಬಿಚ್ಚಿ, ನೀರು ಕುಡಿಸಿ. ಮನೆಗೆ ಬಂದ ಮೇಲೆ ಕಿವಿ, ಬೆರಳ ಸಂದಿಗಳಲ್ಲಿ ಉಣ್ಣಿ ಹುಡುಕಿ. ನೀವು ಒಂದು ವಾರ ಬಿಪಿ ನೋಡಿ ಬರೆದಿಡಿ. ಇಬ್ಬರೂ ಆರಾಮಾಗಿದ್ದರೆ ಮುಂದಿನ ವರ್ಷದ ರಜೆಗೆ ಈಗಲೇ ಲೆಕ್ಕ ಹಾಕಬಹುದು.

ಮನೆಯಲ್ಲಿ ನಾಯಿ ಇರುವ, ಜೊತೆಗೆ ಬಿಪಿ ಮಾತ್ರೆಯೂ ಇರುವ ನಿಮ್ಮ ಬಂಧುಗಳಿಗೆ ಇದನ್ನು ಕಳಿಸಿ. ಈ ಮಾಹಿತಿ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಸಲಹೆ. ನಿಮ್ಮ ದೇಹ ಬಲ್ಲ ನಿಮ್ಮ ಡಾಕ್ಟರ್, ನಿಮ್ಮ ನಾಯಿಯನ್ನು ಬಲ್ಲ ಪಶುವೈದ್ಯರು, ಇಬ್ಬರನ್ನೂ ಒಮ್ಮೆ ಕೇಳಿಯೇ ಹೊರಡಿ.

ಶುಭ ಪ್ರಯಾಣ.